ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಪುಟ್ಟಸ್ವಾಮಿ: ಬಡಿಸ್ಬೇಡ ಅಂದೆ ತಾನೆ? ತೆಗಿ ತಟ್ಟೆಯಿಂದ! ಇದನ್ನ ತಿಂದ್ರೆ ಕಾಶೀಲಿ ಕೊಟ್ಟ ಮಾತು ತಪ್ಪಿದಂಗಾಗುತ್ತೆ.

ಕೆಂಪಮ್ಮ: ಅಯ್ಯೋ ಶಿವನೇ! ಜುಕಿನಿ ಪಲ್ಯಕ್ಕೂ ಕಾಶಿಗೂ ಏನ್ರೀ ಸಂಬಂಧ?

(ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಅಪಾರ್ಟ್‌ಮೆಂಟು, ಶನಿವಾರದ ಊಟದ ಹೊತ್ತು. ಮಂಡ್ಯ ಕಡೆಯ ಪುಟ್ಟಸ್ವಾಮಿಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಕೆಲಸ. ಜುಲೈ ಬಂದಾಗಿನಿಂದ ಈ ಮನೆಯಲ್ಲಿ ಜುಕಿನಿ ಪಲ್ಯ, ಜುಕಿನಿ ಹುಳಿ, ಜುಕಿನಿ ದೋಸೆ. ಕಾರಣ ಹಿಂದಿನ ಬೀದಿಯ ಗೆಳೆಯ, ಮೈಸೂರಿನ ಕಮರುದ್ದೀನ್. ಅವನು ಕೆಲಸ ಮಾಡುತ್ತಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿದ ಮೇಲೆ ಹಿತ್ತಲಲ್ಲಿ ಜುಕಿನಿ ಹಾಕಿದ್ದ. ಸೌತೆಕಾಯಿಯಂಥ ಆ ಕಾಯಿಗೆ ಮಾತ್ರ ಯಾವ ಆರ್ಥಿಕ ಹಿಂಜರಿತವೂ ತಟ್ಟಿರಲಿಲ್ಲ.)

ಪುಟ್ಟಸ್ವಾಮಿ: ಹೋದ ವರ್ಷ ಕಾಶೀಲಿ, ಗಂಗೆ ಮುಂದೆ ನಿಂತು ನಾನು ಏನು ಬಿಟ್ಟೆ?

ಕೆಂಪಮ್ಮ: ಹಾಗಲಕಾಯಿ. ಅದೂ ಹುಟ್ಟಿದಾಗಿಂದ ಬಾಯಿಗಿಡದ ಹಾಗಲಕಾಯಿ! ಇಷ್ಟವಾದದ್ದನ್ನ ಬಿಡ್ಬೇಕು ಅಂದ್ರು ಅಂತ ನಾನು ಬದನೆಕಾಯಿ ಬಿಟ್ಟು, ಎಣ್ಣೆಗಾಯಿ ನೆನೆಸ್ಕೊಂಡು ಒದ್ದಾಡ್ತಿದೀನಿ. ನೀವು ಗಂಗಮ್ಮಂಗೇ ಟೋಪಿ ಹಾಕಿದ್ರಿ.

ಪುಟ್ಟಸ್ವಾಮಿ: ಅದು ಬೇರೆ ವಿಷಯ. ಇವತ್ತು ಇಂಟರ್ನೆಟ್ಟಲ್ಲಿ ಓದ್ದೆ. ಹಾಗಲಕಾಯಿ, ಜುಕಿನಿ ಎರಡೂ ಒಂದೇ ಕುಲ! ಹಾಗಲ ಬಿಟ್ಟೋನು ಜುಕಿನಿ ಹೆಂಗೆ ತಿನ್ನೋದು?

ಕೆಂಪಮ್ಮ: ಬೆಳಗ್ಗೆಯಿಂದ ಫೋನ್ ಲೈನು ಹಿಡ್ಕೊಂಡು ಕೂತಿದ್ದು ಇದಕ್ಕಾ? ಹಾಗಲ ನಮ್ಮ ಕಡೇದು, ಜುಕಿನಿ ಈ ಕಡೇದು. ನಡುವೆ ಅಷ್ಟಗಲ ಸಮುದ್ರ. ಯಾರು ಹೆಣ್ಣು ಕೊಟ್ಟು ಯಾರು ತಂದ್ರು ಈ ನೆಂಟಸ್ತಿಕೆ?

ಪುಟ್ಟಸ್ವಾಮಿ: ಅಲ್ಲೇ ಇರೋದು ಮಜ! ಮನುಷ್ಯರು ಹುಟ್ಟೋ ಮುಂಚಿನ ಮಾತು ಕಣೇ. ಆಗ ಭೂಮಿಯೆಲ್ಲ ಒಟ್ಟುಕುಟುಂಬ. ಆಮೇಲೆ ಪಾಲಾಯ್ತು. ಏಷ್ಯ ಆ ಕಡೆ, ಅಮೆರಿಕ ಈ ಕಡೆ. ಗಿಡಗಳು ಎಲ್ಲಿದ್ವೋ ಅಲ್ಲೇ ಕೂತಿದ್ವು, ನೆಲವೇ ಎದ್ದು ಹೊರಟೋಯ್ತು.

ಕೆಂಪಮ್ಮ: ಪಾಲಾಗೋ ಹೊತ್ತಿಗೆ ಈ ಬಳ್ಳಿ ಇತ್ತಾ?

(ಪುಟ್ಟಸ್ವಾಮಿ ತಲೆ ಕೆರೆದುಕೊಂಡ. ಅಷ್ಟು ದೂರ ಓದುವ ಹೊತ್ತಿಗೆ ಇಂಟರ್ನೆಟ್ಟಿನ ಫೋನ್ ಲೈನು ಕಟ್ಟಾಗಿತ್ತು.)

ಪುಟ್ಟಸ್ವಾಮಿ: ಅದರಲ್ಲಿ ವಿಜ್ಞಾನಿಗಳಿಗೇ ಜಗಳ. ಕೆಲವರು ನೆಲ ಒಡೀತು ಅಂತಾರೆ. ಇನ್ ಕೆಲವರು ಕಾಯಿಗಳೇ ಸಮುದ್ರದಲ್ಲಿ ತೇಲ್ಕೊಂಡು ದಾಟಿದ್ವು ಅಂತಾರೆ.

ಕೆಂಪಮ್ಮ: ತೇಲ್ಕೊಂಡು?

ಪುಟ್ಟಸ್ವಾಮಿ: ನಮ್ಮೂರ ಕೆರೇಲಿ ಸೋರೆಬುರುಡೆ ಸೊಂಟಕ್ಕೆ ಕಟ್ಕೊಂಡು ತಾನೆ ನಾನು ಈಜು ಕಲ್ತಿದ್ದು? ನನ್ನಂಥ ಆಳನ್ನೇ ತೇಲಿಸಿದ್ದು, ಹೊಟ್ಟೇಲಿರೋ ಬೀಜಾನ ತೇಲಿಸಲ್ವಾ?

ಕೆಂಪಮ್ಮ: ಚೆನ್ನಾಗಿದೆ! ನನ್ನನ್ನ ವೀಸಾಕ್ಕೆ ಅಂತ ಮದ್ರಾಸಿನ ಬಿಸಿಲಲ್ಲಿ ಒಣಗಿಸಿದ್ರು. ಸೋರೆಕಾಯಿ ಹಂಗೇ ಬಂದ್ಬಿಡ್ತಾ?

(ಬಾಗಿಲು ಬಡಿದ ಸದ್ದು. ಕಮರುದ್ದೀನ್ ಒಳಗೆ ಬಂದ. ಎರಡೂ ಕೈಯಲ್ಲಿ ಗ್ರೋಸರಿ ಚೀಲ, ಚೀಲದ ತುಂಬ ಮೊಳಕೈಯುದ್ದದ ಜುಕಿನಿ. ಪುಟ್ಟಸ್ವಾಮಿ ತಟ್ಟೆಗೆ ಕೈ ಅಡ್ಡ ಇಟ್ಟ.)

ಕಮರುದ್ದೀನ್: ಫೋನ್ ಮಾಡಿದ್ರೆ ಬರೀ ಎಂಗೇಜು ಸ್ವಾಮಿ! ಅದಕ್ಕೆ ನಾನೇ ತಂದೆ.

ಪುಟ್ಟಸ್ವಾಮಿ: ವಾಪಸ್ ತಗೊಂಡು ಹೋಗಿ ಮಾರಾಯ್ರೇ. ನನಗೆ ನಿಷಿದ್ಧ.

ಕಮರುದ್ದೀನ್: ಯಾ ಅಲ್ಲಾ! ಹಂಗನ್ಬೇಡಿ. ಇನ್ನೊಂದು ಕಾಯಿ ಅಡುಗೆಮನೆಗೆ ಬಂದ್ರೆ ನಾನು ಮನೆಯಿಂದ ಹೊರಗೆ ಅಂದಿದಾಳೆ ನನ್ನ ಹೆಂಡ್ತಿ ನಸೀಮಾ. ಡ್ಯಾನ್‌ವಿಲ್‌ನಲ್ಲಿರೋ ನೆಂಟರು ನನ್ನ ಕಾರು ಕಂಡ್ರೆ ಕರ್ಟನ್ ಎಳ್ಕೊತಾರೆ. ಉಳಿದಿರೋದು ನಿಮ್ಮ ಮನೆ ಒಂದೇ!

ಕೆಂಪಮ್ಮ: ಕಮರುದ್ದೀನಣ್ಣ, ನೀವೇ ನ್ಯಾಯ ಹೇಳಿ. ಹಾಗಲಕಾಯಿಗೂ ಇದಕ್ಕೂ ನೆಂಟಸ್ತಿಕೆ ಇದೆಯಂತೆ, ಹೌದಾ?

(ಇಲ್ಲ ಎಂದಿದ್ದರೆ ಅವನ ಚೀಲ ಖಾಲಿಯಾಗುತ್ತಿತ್ತು. ಆದರೆ ಪಾಪ, ಕಮರುದ್ದೀನನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.)

ಕಮರುದ್ದೀನ್: ಇರ್ಬೇಕು ತಂಗಿ. ಎರಡಕ್ಕೂ ಅದೇ ಹಳದಿ ಹೂವು. ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ.

ಪುಟ್ಟಸ್ವಾಮಿ: ಕೇಳಿಸ್ತಾ? ಬೆಳೆದೋರ ಬಾಯಲ್ಲೇ ಬಂತು!

ಕೆಂಪಮ್ಮ: ಅಲ್ಲಾ ಕಣ್ರೀ, ನಿಮ್ಮ ದೊಡ್ಡಪ್ಪನ ಮಗ ಕೋಳಿ ಕದ್ರೆ ನಿಮ್ಮನ್ನ ಜೈಲಿಗೆ ಹಾಕ್ತಾರಾ?

ಪುಟ್ಟಸ್ವಾಮಿ: ಕೋಳಿ ಬೇರೆ, ಕಾಶಿ ಬೇರೆ. ಗಂಗೆ ಮುಂದೆ ಒಬ್ಬರನ್ನ ಬಿಟ್ರೆ ಇಡೀ ಕುಲವನ್ನೇ ಬಿಟ್ಟಂಗೆ.

ಕೆಂಪಮ್ಮ: ಇಡೀ ಕುಲ?

ಪುಟ್ಟಸ್ವಾಮಿ: ಇಡೀ ಕುಲ! ಸೌತೆ, ಹೀರೆ, ಪಡವಲ, ಸೋರೆ, ಕುಂಬಳ... ಯಾವ ಖಂಡದಲ್ಲೇ ಇರ್ಲಿ, ನನ್ನ ತಟ್ಟೆಗೆ ಬರಕೂಡದು. ಮಾತು ಅಂದ್ರೆ ಮಾತು.

ಕೆಂಪಮ್ಮ: ಸರಿ ಬಿಡಿ, ಒಪ್ಕೊಂಡೆ.

(ಇಷ್ಟು ಸುಲಭಕ್ಕೆ ಕೆಂಪಮ್ಮ ಒಪ್ಪಿದ್ದು ಮದುವೆಯಾದಾಗಿನಿಂದ ಇದೇ ಮೊದಲು. ಪುಟ್ಟಸ್ವಾಮಿ ಹೆದರಬೇಕಿತ್ತು, ಮೀಸೆ ತಿರುವಿದ. ಅವಳು ಒಳಗಿಂದ ಸ್ಟೀಲು ಡಬ್ಬಿ ತಂದು ಮುಚ್ಚಳ ತೆಗೆದಳು. ತುಪ್ಪ, ಏಲಕ್ಕಿ, ಕೇಸರಿಯ ಘಮ ಮನೆಯೆಲ್ಲ ಹಬ್ಬಿತು.)

ಪುಟ್ಟಸ್ವಾಮಿ: ಕಾಶಿ ಹಲ್ವ! ನನ್ನ ಹುಟ್ಟಿದಬ್ಬ ನೆನಪಿತ್ತಾ ನಿನಗೆ? ನನ್ನ ಬಂಗಾರ!

ಕೆಂಪಮ್ಮ: ಎಲ್ ಕಮೀನೋ ರಸ್ತೆಯ ಅಂಗಡಿಯೆಲ್ಲ ಹುಡುಕಿ, ಹೊತ್ಕೊಂಡು ಬಂದು, ತುರಿದು ತುರಿದು ರಟ್ಟೆ ಬಿದ್ದೋಯ್ತು. ಕಮರುದ್ದೀನಣ್ಣ, ಇದನ್ನ ಯಾವುದ್ರಲ್ಲಿ ಮಾಡ್ತಾರೆ ಹೇಳಿ?

ಕಮರುದ್ದೀನ್: ಬೂದುಗುಂಬಳದಲ್ಲಿ. ಅದಕ್ಕೂ ಹಳದಿ ಹೂ... ಅಯ್ಯಯ್ಯೋ!

(ಪುಟ್ಟಸ್ವಾಮಿ ಚಾಚಿದ ಕೈ ನಡುದಾರಿಯಲ್ಲೇ ನಿಂತಿತು. ಕೆಂಪಮ್ಮ ಡಬ್ಬಿಯನ್ನು ಕಮರುದ್ದೀನನ ಕೈಗಿಟ್ಟಳು.)

ಕೆಂಪಮ್ಮ: ತಗೊಂಡು ಹೋಗಿ ಅಣ್ಣ, ನಸೀಮಾಗೂ ಕೊಡಿ. ಇವರಿಗೆ ನಿಷಿದ್ಧ.

ಪುಟ್ಟಸ್ವಾಮಿ: ತಡಿ ತಡಿ! ಕೋಟ್ಯಂತರ ವರ್ಷದ ಹಿಂದೆ ಪಾಲಾದೋರು ಕಣೇ! ಒಲೆ ಬೇರೆ, ಹಿತ್ತಲು ಬೇರೆ. ಈಗ ಯಾರಿಗೆ ಯಾರು ನೆಂಟ?

ಕೆಂಪಮ್ಮ: ಜುಕಿನಿ ಸಮುದ್ರದಾಚೆ ಇದ್ರೂ ನೆಂಟ ಅಂದ್ರಿ. ಬೂದುಗುಂಬಳ ಹಾಗಲದ ಪಕ್ಕದ ಮನೇದು ಕಣ್ರೀ. ಅದೆಲ್ಲಿ ತಪ್ಪಿಸ್ಕೊಳ್ಳುತ್ತೆ?

ಪುಟ್ಟಸ್ವಾಮಿ: ಹೆಸರಲ್ಲೇ ಕಾಶಿ ಇದೆ, ಕಾಶಿಯೇ ಪರ್ಮಿಷನ್ ಕೊಟ್ಟಂಗಲ್ವಾ?

(ಕಮರುದ್ದೀನ್ ಡಬ್ಬಿ ಹಿಡಿದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಅವನಿಗೂ ಹಲ್ವ ಇಷ್ಟವೇ.)

ಪುಟ್ಟಸ್ವಾಮಿ: ಕಮರುದ್ದೀನ್, ನಿಂತ್ಕೊಳ್ಳಿ! ಆಯ್ತು ಕಣೇ. ನೆಂಟಸ್ತಿಕೆ ಇಲ್ಲ, ಏನೂ ಇಲ್ಲ. ಬಿಟ್ಟಿದ್ದು ಹಾಗಲಕಾಯಿ ಒಂದೇ. ಬಡಿಸು ಪಲ್ಯ.

ಕೆಂಪಮ್ಮ: ಚೀಲ?

ಪುಟ್ಟಸ್ವಾಮಿ: ಎರಡೂ ಇಲ್ಲೇ ಇರ್ಲಿ.

ಕಮರುದ್ದೀನ್: ನೀವು ನೂರು ವರ್ಷ ಬಾಳ್ಬೇಕು ಸ್ವಾಮಿ! ನಾಳೆ ಇನ್ನೊಂದು ಚೀಲ ತರ್ತೀನಿ.

(ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡು ತಟ್ಟೆಯ ಜುಕಿನಿಯನ್ನೆಲ್ಲ ಬಳಿದು ನುಂಗಿದ. ಆಮೇಲೆ ಹಲ್ವ ಬಾಯಿಗೆ ಬಿತ್ತು, ಜೀವ ವಾಪಸ್ ಬಂತು. ಜೀವದ ಜೊತೆ ಬುದ್ಧಿಯೂ ಬಂತು.)

ಪುಟ್ಟಸ್ವಾಮಿ: ಕೆಂಪು, ಈ ಸಲ ಊರಿಗೆ ಹೋದಾಗ ಇನ್ನೊಂದ್ಸಲ ಕಾಶಿಗೆ ಹೋಗ್ಬರೋಣ.

ಕೆಂಪಮ್ಮ: ಯಾಕ್ರೀ?

ಪುಟ್ಟಸ್ವಾಮಿ: ಜುಕಿನಿ ಬಿಟ್ಟು ಬರೋಕೆ.

ಕೆಂಪಮ್ಮ: ಹೋಗೋಣ, ಅದಕ್ಕೇನಂತೆ. ನಾನೂ ಇನ್ನೊಂದು ಬಿಟ್ಟು ಬರ್ತೀನಿ.

ಪುಟ್ಟಸ್ವಾಮಿ: ಏನದು?

ಕೆಂಪಮ್ಮ: ಹಲ್ವ ಮಾಡೋದು.