ಊಟವೂ ಸೇರಿದ ಸಮುದ್ರ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೊರಟ ಹಾಗೆ ಮುಗಿದದ್ದಿಲ್ಲ. ಸಂತೆಗೆ ಕೊಡೆ ತರಲು ಹೋದವರು ಎಮ್ಮೆ ಹಿಡಿದುಕೊಂಡು ಬರುತ್ತಾರೆ. ಭೇರ್ಯಕ್ಕೆ ಹೆಣ್ಣು ನೋಡಲು ಹೋದವರು ಗದ್ದೆ ನೋಡಿ ಬರುತ್ತಾರೆ, ಹೆಣ್ಣು ಹೇಗಿದ್ದಳು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ನಾನೂ ನನ್ನ ಗಂಡನೂ ಇಬ್ಬರೇ ಸಮುದ್ರಕ್ಕೆ ಹೋಗಬೇಕೆಂದು ಹೊರಟದ್ದೂ ಹಾಗೇ ಆಯಿತು. ಹೇಳಿದರೆ ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಆವತ್ತು ಮಾತ್ರ ನನಗೆ ನಗು ಬಂದಿರಲಿಲ್ಲ.

ದೊರೆ ಮನೆಯ ಸುದ್ದಿ

ನಮ್ಮ ಯಜಮಾನರಿಗೆ ಪಿರಿಯಾಪಟ್ಟಣದಲ್ಲಿ ಬಸ್ಸು ನಿಲ್ಲುವ ಕಡೆ ಜವಳಿ ಅಂಗಡಿ. ಕೊಡಗಿನ ಕಾಫಿ ತೋಟಗಳಿಗೆ ಆಳುಗಳ ಕಂಬಳಿ ಕೊಟ್ಟು ಬರುತ್ತಿದ್ದರು. ಒಂದು ಸಲ ಹಾಗೆ ಹೋಗಿ ಬಂದವರು ಮಧ್ಯಾಹ್ನ ಊಟಕ್ಕೆ ಕೂತು, "ಆ ತೋಟದ ಬಿಳಿ ದೊರೆ, ಅವನ ಹೆಂಡ್ತಿ, ವರ್ಷಾ ವರ್ಷಾ ಮದುವೆಯಾದ ದಿನಕ್ಕೆ ಸಮುದ್ರದ ದಡಕ್ಕೆ ಹೋಯ್ತಾರಂತೆ ಕಣವ್ವಾ. ಅಲ್ಲೊಂದು ಲಾಡ್ಜು. ಕೋಣೆ, ಊಟ, ಸ್ನಾನ ಎಲ್ಲಾ ಸೇರಿ ಒಂದೇ ಸಲ ದುಡ್ಡು ಕಟ್ಟಿಬಿಡೋದಂತೆ," ಎಂದು ಅವರ ತಾಯಿಗೆ, ಅಂದರೆ ನಮ್ಮತ್ತೆಗೆ, ಹೇಳಿದರು.

ನಮ್ಮತ್ತೆ ಮುದ್ದೆ ಮುರಿಯುತ್ತಾ, "ಮದುವೆ ಆಗೋದು ಒಂದ್ಸಲ. ಅದನ್ನ ವರ್ಷಾ ವರ್ಷಾ ಯಾಕ್ಲಾ ಗೆಪ್ತಿ ಮಾಡ್ಕೋಬೇಕು? ಮರ್ತೋಯ್ತದಾ?" ಅಂದರು.

ಎಲ್ಲರೂ ನಕ್ಕರು. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ.

ನಮ್ಮದು ತುಂಬಿದ ಮನೆ. ಅತ್ತೆ, ಇಬ್ಬರು ಮೈದುನಂದಿರು, ಅವರ ಹೆಂಡಿರು, ಮಕ್ಕಳು. ನಾನು ಹಿರಿಯ ಸೊಸೆ. ಬೆಳಗಾದರೆ ಅತ್ತಿಗೆ, ಅಕ್ಕ, ದೊಡ್ಡವ್ವ ಅಂತ ಒಬ್ಬರಲ್ಲ ಒಬ್ಬರು ಕೂಗುತ್ತಲೇ ಇರುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಗಂಡನ ಪಕ್ಕ ಹಗಲು ಹೊತ್ತಿನಲ್ಲಿ ಕೂತು ನಾಲ್ಕು ಮಾತಾಡಿದ್ದಿಲ್ಲ. ಮಾತಾಡಬೇಕಾದದ್ದು ಒಂದಿತ್ತು. ನಮ್ಮ ಮೊದಲನೇ ಮಗು, ಹೆಣ್ಣು, ಆರು ತಿಂಗಳಿಗೇ ಜ್ವರ ಬಂದು ಹೋಗಿಬಿಟ್ಟಿತು. ಅತ್ತೆ ಅತ್ತರು, ಆಗಿನ್ನೂ ಇದ್ದ ಮಾವನೋರು ಅತ್ತರು, ಬೀದಿಯವರೆಲ್ಲ ಅತ್ತರು. ನಮ್ಮ ಯಜಮಾನರು ಅತ್ತದ್ದನ್ನು ನಾನು ಕಾಣಲಿಲ್ಲ. ಆ ಮಗುವಿನ ವಿಚಾರ ನಾವಿಬ್ಬರೂ ಒಂದು ದಿನವೂ ಎತ್ತಲಿಲ್ಲ. ಆಮೇಲೆ ಇಬ್ಬರು ಗಂಡುಮಕ್ಕಳಾದರು, ದೊಡ್ಡವರೂ ಆದರು. ಇವರಿಗೆ ಅವಳು ನೆನಪಿದ್ದಾಳೋ ಇಲ್ಲವೋ ಅಂತ ಒಂದು ಸಲ ಕೇಳಬೇಕಿತ್ತು ನನಗೆ. ಯಾರೂ ಕೂಗದ ಜಾಗದಲ್ಲಿ ಒಂದು ಗಳಿಗೆ ಸಿಕ್ಕಿದ್ದರೆ ಸಾಕಿತ್ತು.

ಊಟವಾದ ಮೇಲೆ ಎಲೆ ಅಡಿಕೆ ಕೊಡುತ್ತಾ, "ನಾವೂ ಸಮುದ್ರಕ್ಕೆ ಹೋಗನ," ಅಂದೆ.

"ಯಾರ್ಯಾರು?"

"ನಾವಿಬ್ರೇ."

ನಾನು ಆ ಮಾತನ್ನು ಯಾರಿಗೆ ಹೇಳಿದೆನೋ ಅಂತ ಅವರು ತಿರುಗಿ ಹಿಂದೆ ನೋಡಿದರು.

ದಿನ ಯಾವುದು?

ಮದುವೆಯಾದ ದಿನಕ್ಕೆ ಹೋಗಬೇಕಾದರೆ ಮದುವೆಯಾದ ದಿನ ಗೊತ್ತಿರಬೇಕಲ್ಲ. ನನಗೆ ಮಾಗಿ ಚಳಿ ನೆನಪಿತ್ತು, ಯಜಮಾನರಿಗೆ ಹೊಸ ಚಪ್ಪಲಿ ಕಚ್ಚಿದ್ದು ನೆನಪಿತ್ತು. ಅತ್ತೆಯನ್ನು ಕೇಳಿದರೆ, "ಬಿಳಿ ಹಸ ಕರ ಹಾಕಿದ ಮೂರ್ನೇ ದಿನ ಕಣವ್ವ. ಗಿಣ್ಣು ಮಾಡಿ ಬೀಗರಿಗೆಲ್ಲ ಇಕ್ಕಿದ್ದೆ," ಅಂದರು. ಆ ಹಸುವೂ ಇಲ್ಲ, ಕರುವೂ ಇಲ್ಲ.

ಕೊನೆಗೆ ಮಠದ ಅಯ್ನೋರನ್ನು ಕರೆಸಿದರು. ಅವರು ಹಳೇ ಪಂಚಾಂಗ ತಿರುವಿ ತಿರುವಿ ಮಾಘ ಮಾಸದ ಒಂದು ದಿನಕ್ಕೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿದರು.

"ಇದು ಮದುವೆಗೆ ಆಗಬರೋ ದಿನವೇ ಅಲ್ಲವಲ್ಲ! ಯಾವ ಪುಣ್ಯಾತ್ಮ ಇಟ್ಟುಕೊಟ್ಟ ಲಗ್ನ ಇದು?"

ನಮ್ಮತ್ತೆ ಮೆಲ್ಲಗೆ, "ನಿಮ್ಮ ತಂದೇರೇ ಬುದ್ಧಿ," ಅಂದರು.

ಅಯ್ನೋರು ಪಂಚಾಂಗ ಮುಚ್ಚಿ ಕಣ್ಣಿಗೊತ್ತಿಕೊಂಡರು. "ಹಾಗಾದರೆ ಬಲು ಪ್ರಶಸ್ತವಾದ ದಿನ. ನಿಸ್ಸಂಶಯವಾಗಿ ಹೋಗಿಬನ್ನಿ."

ಯಾವ ಸಮುದ್ರ?

ದಿನ ಸಿಕ್ಕಿತು, ಸಮುದ್ರ ಸಿಗಬೇಕಿತ್ತು. ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಮಲಯಾಳದವರೊಬ್ಬರು ಅಂಗಡಿಗೆ ಪಂಚೆ ಕೊಳ್ಳಲು ಬರುತ್ತಿದ್ದರು. ಕಣ್ಣೂರಿನವರು, ಒಳ್ಳೆಯವರು. ಯಜಮಾನರು ವಿಚಾರಿಸಿದ್ದೇ ತಡ, ಪಂಚೆ ಪಕ್ಕಕ್ಕಿಟ್ಟು ಕೂತೇಬಿಟ್ಟರು.

"ನಮ್ಮ ಊರಿಗೇ ಬನ್ನಿ. ಕೋಣೆ ಉಂಟು, ಊಟ ಉಂಟು, ಎಲ್ಲಾ ಸೇರಿ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ರಾತ್ರಿಗೆ ಬೇರೆ ಮೀನು."

"ನಾವು ಮೀನು ಮುಟ್ಟದೋರು ಸ್ವಾಮಿ."

ಅವರಿಗೆ ನಿಜವಾಗಿಯೂ ಸಂಕಟವಾಯಿತಂತೆ. "ಮತ್ತೆ ಸಮುದ್ರಕ್ಕೆ ಯಾಕೆ ಹೋಗುವುದು? ಇಲ್ಲೇ ಕೆರೆಗೆ ಹೋಗಿ."

ಹೀಗಾಗಿ ಕಣ್ಣೂರು ಬಿಟ್ಟುಹೋಯಿತು. ಉಳಿದದ್ದು ಮಂಗಳೂರು. ಆಗ ಕೊಡಗೇ ಬೇರೆ ರಾಜ್ಯ, ಮಂಗಳೂರು ಮದ್ರಾಸಿಗೆ ಸೇರಿತ್ತು. ನಮ್ಮತ್ತೆಯ ಲೆಕ್ಕದಲ್ಲಿ ಎರಡು ದೇಶ ದಾಟಿ ಹೋಗಬೇಕು. ಆ ದಾರಿಯಲ್ಲಿ ಓಡುವ ಬಸ್ಸಿನ ಕಂಡಕ್ಟರ್ ನಮ್ಮ ಅಂಗಡಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಅವನನ್ನು ಮನೆಗೇ ಕರೆಸಿದರು. ಜಗಲಿಯಲ್ಲಿ ಕೂತು ಅವನು ಒಪ್ಪಿಸಿದ: ಸಮುದ್ರದ ಎದುರಿಗೇ ಭಟ್ಟರೊಬ್ಬರ ಲಾಡ್ಜು, ಅಪ್ಪಟ ಸಸ್ಯಾಹಾರ. ಕೋಣೆ, ಹಾಸಿಗೆ, ಬಿಸಿನೀರು, ತಿಂಡಿ, ಕಾಫಿ, ಎರಡು ಹೊತ್ತು ಊಟ, ಎಲ್ಲಾ ಸೇರಿ ಒಂದೇ ದುಡ್ಡು. ಸಾಕು ಅನ್ನುವವರೆಗೂ ಬಡಿಸುತ್ತಾರೆ. ತಾನು ಎಷ್ಟೋ ಸಲ ಅಲ್ಲಿ ಉಳಿದಿದ್ದೇನೆ ಅಂದ.

ನಾನು ಬಾಗಿಲ ಮರೆಯಿಂದ ಆಸೆ ತಡೆಯಲಾರದೆ ಕೇಳಿದೆ: "ಸಮುದ್ರ ಹೆಂಗದೆ ಅಣ್ಣಾ?"

"ನೋಡಿಲ್ಲ ಕಣಕ್ಕಾ," ಅಂದ ಅವನು. "ಉಂಡ ತಕ್ಷಣ ನಿದ್ದೆ ಬಂದ್ಬುಡ್ತದೆ. ಎದ್ದರೆ ಬಸ್ ಹೊರಡೋ ಹೊತ್ತು."

ಹೋಗುವವರು ಯಾರು?

ಸಾಕು ಅನ್ನುವವರೆಗೂ ಬಡಿಸುತ್ತಾರೆ ಅಂದನಲ್ಲ, ಆ ಮಾತೇ ನನಗೆ ಮುಳುವಾಯಿತು. ಅವತ್ತು ಸಂಜೆ ನಡುಮನೆಯಲ್ಲಿ ಪಂಚಾಯಿತಿ ಸೇರಿತು.

ದೊಡ್ಡ ಮೈದುನ ಬಲು ಯೋಚನೆ ಮಾಡಿ, "ನೋಡಣ್ಣಾ, ತಪ್ಪು ತಿಳ್ಕೋಬ್ಯಾಡ. ನೀನು ಉಣ್ಣೋದು ಅರ್ಧ ಮುದ್ದೆ. ಅತ್ತಿಗೇದು ಅದೂ ಇಲ್ಲ. ನಿಮ್ಮಿಬ್ಬರನ್ನ ಕಳಿಸಿದ್ರೆ ಲಾಡ್ಜಿನೋನಿಗೆ ಹಬ್ಬ. ದುಡ್ಡು ಕಟ್ಟೋದು ಕಟ್ತೀವಿ, ಉಣ್ಣೋರನ್ನ ಕಳಿಸಬೇಕು," ಅಂದ.

ತಮಾಷೆಗಲ್ಲ, ನಿಜವಾಗಿಯೇ ಅಂದದ್ದು. ಎಲ್ಲರೂ ತಲೆದೂಗಿದರು. ಉಣ್ಣೋರು ಅಂದ ಮೇಲೆ ಹುಡುಕುವ ಕೆಲಸವೇ ಇರಲಿಲ್ಲ. ಎಲ್ಲರ ಬಾಯಲ್ಲೂ ಒಟ್ಟಿಗೇ ಬಂದದ್ದು ಮಿರ್ಲೆ ಮಾವ.

ಮಿರ್ಲೆ ಮಾವ ಅಂದರೆ ಮಿರ್ಲೆ ಊರಿನಲ್ಲಿದ್ದ ನಮ್ಮತ್ತೆಯ ತಮ್ಮ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಾತು ಕಮ್ಮಿ, ಊಟ ಜಾಸ್ತಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪಂಕ್ತಿಯಲ್ಲಿ ಕೂತ ಮೇಲೆ ಕೊನೆಯವನು ಉಂಡು ಮುಗಿಸುವವರೆಗೂ ಯಾರೂ ಏಳುವ ಹಾಗಿಲ್ಲ. ಎದ್ದರೆ ಉಣ್ಣುವವನಿಗೆ ಅವಮಾನ ಮಾಡಿದ ಹಾಗೆ. ಮಿರ್ಲೆ ಮಾವ ಮನೆಗೆ ಬಂದರೆ ನಮ್ಮ ಗಂಡಸರೆಲ್ಲ ಕೈ ಒಣಗಿಸಿಕೊಂಡು, ಕಾಲು ಜೋಮು ಹಿಡಿದು ಕೂತಿರುತ್ತಿದ್ದರು. ನಮ್ಮತ್ತೆಯಂತೂ ಎಲೆ ಮುಂದೆ ತಮ್ಮ ಕೂತಿದ್ದಾಗ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ.

ತಮ್ಮ ಹೋಗುವುದಾದರೆ ಅಕ್ಕ ಬೇಡವೇ? "ನಾನೂ ಬತ್ತೀನಿ, ಅವುನ್ನ ನೋಡ್ಕೊಳ್ಳೋರು ಯಾರು?" ಅಂದರು ಅತ್ತೆ. ದೊರೆ ಹೆಂಡತಿಯ ಹಾಗೆ ಇಬ್ಬರೇ ಹೋಗುವ ನನ್ನ ಆಸೆ ಅಲ್ಲಿಗೇ ಮುಗಿಯಿತು. ಒಳಗೆ ಹೋಗಿ ಒಲೆ ಊದಿದೆ. ಹೊಗೆ ಇಲ್ಲದಿದ್ದರೂ ಕಣ್ಣಲ್ಲಿ ನೀರು ಬಂತು.

ಚಿಕ್ಕ ಮೈದುನನಿಗೆ ನನ್ನ ಮೇಲೆ ಪ್ರೀತಿ. ಅಡುಗೆಮನೆಗೆ ಬಂದು ಸಮಾಧಾನ ಮಾಡಿದ: "ಬೇಜಾರಾಗ್ಬೇಡಿ ಅತ್ತಿಗೆ. ನಿಮ್ಮನ್ನ ಬಿಟ್ಟು ಅವರೇ ಹೋಗ್ಬೇಕು ಅಂತಲೂ ಮಾತು ಬಂದಿತ್ತು. ಮದುವೆ ನಿಮ್ಮದು ಅಂತ ನಾನೇ ಹೇಳಿ ನಿಮ್ಮನ್ನೂ ಸೇರಿಸಿದೆ."

ಎರಡು ಕೋಣೆ

ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಘಾಟಿ ಇಳಿಯುವಾಗ ನಾನು ವಾಂತಿ ಮಾಡಿಕೊಂಡರೆ ನಿಂಬೆಹಣ್ಣು ಹಿಂದಿನ ಸೀಟಿಂದ ಏಳೆಂಟು ಕೈ ದಾಟಿ ಬಂತು. ನನ್ನ ಗಂಡ ಕಳಿಸಿದ್ದೋ ಇನ್ಯಾರು ಕಳಿಸಿದ್ದೋ ಗೊತ್ತಾಗಲಿಲ್ಲ.

ಲಾಡ್ಜಿನ ಭಟ್ಟರಿಗೆ ಕಂಡಕ್ಟರ್ ಮೊದಲೇ ಹೇಳಿಟ್ಟಿದ್ದ. ಮದುವೆಯ ದಿನಕ್ಕೆ ಬರುವ ಗಂಡಹೆಂಡಿರು ಅಂತ ಸಮುದ್ರ ಕಾಣುವ ಕೋಣೆ ತೊಳೆಸಿ, ಮಂಚಕ್ಕೆ ಮಲ್ಲಿಗೆ ದಂಡೆ ಇಳಿಬಿಟ್ಟಿದ್ದರು ಪಾಪ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿ ತುಂಬ ನೀರು.

ನಮ್ಮತ್ತೆ ಒಳಗೆ ಹೋದವರೇ ದಂಡೆ ಬಿಚ್ಚಿ, "ಪೂಜೆಗೆ ಆಯ್ತು," ಅಂತ ಸೆರಗಿಗೆ ಹಾಕಿಕೊಂಡರು. "ತಮ್ಮಾ, ನೀನೂ ಇವನೂ ಇಲ್ಲಿ ಮನೀಕಳಿ. ಎಂಗಸ್ರು ನಾವು ಆಚೆ ಕ್ವಾಣೆ."

ಭಟ್ಟರು ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಯಜಮಾನರನ್ನು ಪಕ್ಕಕ್ಕೆ ಕರೆದು ಕೇಳಿದರು: "ಹಾಗಾದ್ರೆ ಮದುವೆಯಾದವರು ಯಾರು ಯಾರು ಮಾರಾಯ್ರೆ?"

ಸೀರೆ ಕಾಯುವ ಕೆಲಸ

ಲಾಡ್ಜಿನ ಊಟ ಬೇಡ, ಮನೆಯಿಂದ ತಂದ ಬುತ್ತಿಯೇ ಸಾಕು ಅಂತ ಬಂದಿದ್ದ ಅತ್ತೆ, ತಮ್ಮನ ಎಲೆ ನೋಡಿದ ಮೇಲೆ ಮನಸ್ಸು ಬದಲಾಯಿಸಿದರು. ಮಿರ್ಲೆ ಮಾವ ನಮ್ಮ ಮನೆಯ ಮಾನ ಉಳಿಸುತ್ತಿದ್ದರು. ಭಟ್ಟರು ಅಡುಗೆಮನೆಯಿಂದ ಇಣುಕಿ ಇಣುಕಿ ನೋಡುತ್ತಿದ್ದರು. ಮಿಕ್ಕ ಹೊತ್ತೆಲ್ಲ ನಾವು ನಾಲ್ವರೂ ಮರಳಿನ ಮೇಲೆ ಸಾಲಾಗಿ ಕೂರುವುದು. ಮೊದಲು ನಾನು, ಆಮೇಲೆ ಅತ್ತೆ, ಆಮೇಲೆ ಮಿರ್ಲೆ ಮಾವ, ಕೊನೆಗೆ ಯಜಮಾನರು. ನಾನು ಗಂಡನನ್ನು ನೋಡಬೇಕಾದರೆ ಬಗ್ಗಿ ನೋಡಬೇಕು. ಬಗ್ಗಿದಾಗಲೆಲ್ಲ ಅತ್ತೆ, "ಏನು ಬೀಳಿಸ್ಕೊಂಡೆ?" ಅನ್ನುವರು.

ಎರಡು ದಿನ ಹೀಗೇ ಕಳೆಯಿತು. ಮಾರನೆಯ ಬೆಳಿಗ್ಗೆ ವಾಪಸ್ಸು. ಇಷ್ಟು ದೂರ ಬಂದೂ ಕೇಳದೆಯೇ ಹೋಗುತ್ತೇನಲ್ಲ ಅಂತ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ.

ಆ ಸಂಜೆ ಅಲೆಯೊಂದು ಬಂದು ಅತ್ತೆಯ ಸೀರೆಯನ್ನು ಸೊಂಟದವರೆಗೆ ನೆನೆಸಿತು. ಬೇರೆ ಉಟ್ಟುಕೊಂಡು ಬಂದು ಒದ್ದೆ ಸೀರೆಯನ್ನು ಮರಳ ಮೇಲೆ ಹರವಿದರು. ಅಷ್ಟರಲ್ಲಿ ಮೊದಲ ಪಂಕ್ತಿಯ ಊಟಕ್ಕೆ ಗಂಟೆ ಹೊಡೆಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮಿರ್ಲೆ ಮಾವ ಮರಳು ಕೊಡವಿಕೊಂಡು ಎದ್ದರು. "ಅಕ್ಕಾ, ನಾವಿಬ್ರೂ ಮೊದ್ಲು ಉಂಡುಬುಡನ. ಇವರಿಬ್ರೂ ಸೀರೆ ಕಾಯ್ಲಿ. ಗೊತ್ತಿಲ್ಲದ ದೇಸ, ಯಾರಾದ್ರೂ ಎತ್ತಿಕೊಂಡೋದ್ರೆ?"

ಸೀರೆಯ ಮಾತು ಬಂದ ಮೇಲೆ ಅತ್ತೆ ಎರಡು ಮಾತಾಡಲಿಲ್ಲ. "ಉಂಡು ಈಗ ಬಂದುಬುಡ್ತೀನಿ. ಕಣ್ಣು ಆಚೀಚೆ ಮಾಡಬ್ಯಾಡಿ," ಅಂತ ಹೇಳಿ ತಮ್ಮನ ಹಿಂದೆ ಹೋದರು.

ನಾವಿಬ್ಬರೂ ಉಳಿದೆವು. ಸೀರೆ ನಮ್ಮ ನಡುವೆ ಇತ್ತು. ನಾನು ಆ ತುದಿಯಲ್ಲಿ, ಅವರು ಈ ತುದಿಯಲ್ಲಿ.

ಏನು ಮಾತಾಡುವುದು? ಅಭ್ಯಾಸವೇ ಇಲ್ಲ. ಕೊನೆಗೆ ಅವರು, "ಎಮ್ಮೆ ಕರೀತಾವ್ರೋ ಇಲ್ವೋ ಹಟ್ಟೀಲಿ," ಅಂದರು. ನನಗೆ ರೇಗಿತು. ಅಯ್ಯೋ ಶಿವನೇ, ಇದಕ್ಕಾ ನಾನು ಎರಡು ದೇಶ ದಾಟಿ ಬಂದದ್ದು? ಮುಖ ತಿರುಗಿಸಿ ಕೂತೆ.

ಆಗ ಅವರು ನೀರನ್ನು ನೋಡಿಕೊಂಡೇ ಅಂದರು: "ಕೂಸಿಗೆ ನಿನ್ನ ಕಿವೀನೇ ಬಂದಿತ್ತು ಕಣಮ್ಮಿ."

ಯಾವ ಕೂಸು ಅಂತ ನಾನು ಕೇಳಲಿಲ್ಲ.

"ಅಪ್ಪನ ಮುಂದೆ ನನ್ನ ಮಗೀನ ನಾನು ಎತ್ತಿಕೊಳ್ಳೋ ಹಾಗಿರಲಿಲ್ಲ. ದೊಡ್ಡೋರ ಎದುರಿಗೆ ಹೆತ್ತ ಮಗೀನ ಮುದ್ದು ಮಾಡಿದ್ರೆ ನಾಚಿಕೆಗೆಟ್ಟೋನು ಅಂತಿದ್ರು. ನೀನು ಮಗ್ಗುಲು ಮನೇಲಿ ರಾಗಿ ಬೀಸೋಕೆ ಹೋದಾಗ ತೊಟ್ಟಿಲಿಂದ ಕದ್ದು ಹಿತ್ತಲಿಗೆ ಎತ್ತಿಕೊಂಡು ಹೋಗ್ತಿದ್ದೆ. ನನ್ನ ಮೀಸೆ ಹಿಡಕೊಂಡು ಬಿಡ್ತಿರಲಿಲ್ಲ ಅದು. ನೀನು ಬರೋ ಸದ್ದಾದ್ರೆ ತೊಟ್ಟಿಲಿಗೆ ಹಾಕಿ ಅಂಗಡಿಗೆ ಓಡ್ತಿದ್ದೆ."

"ಅದಕ್ಕೇ ನಾನು ಬರೋ ಹೊತ್ತಿಗೆ ಅವಳು ಅಳ್ತಾ ಇರ್ತಿದ್ದದ್ದು," ಅಂದೆ. ಅಷ್ಟು ಹೇಳುವಷ್ಟರಲ್ಲಿ ನನಗೂ ಅಳು ಬಂತು. ಅವರೂ ಅತ್ತರು. ಅತ್ತೆಯ ಸೀರೆಯ ಒಂದು ತುದಿಯಲ್ಲಿ ಅವರು ಕಣ್ಣೊರೆಸಿಕೊಂಡರು, ಇನ್ನೊಂದು ತುದಿಯಲ್ಲಿ ನಾನು. ಆಮೇಲೆ ಏನೇನೋ ಮಾತಾಡಿದೆವು. ಅವಳಿದ್ದಿದ್ದರೆ ಇಷ್ಟು ಹೊತ್ತಿಗೆ ಮದುವೆ ಮಾಡಬೇಕಿತ್ತು, ಯಾವ ಊರಿಗೆ ಕೊಡುತ್ತಿದ್ದೆವು ಅಂತೆಲ್ಲ. ಹೊತ್ತು ಮುಳುಗಿದ್ದೂ ನೋಡಲಿಲ್ಲ. ಸೀರೆ ಒಣಗಿತ್ತು. ಅತ್ತೆ ಬಂದಿರಲೇ ಇಲ್ಲ.

ಗಾಬರಿಯಾಗಿ ಸೀರೆ ಮಡಿಸಿಕೊಂಡು ಲಾಡ್ಜಿಗೆ ಹೋದೆವು. ಊಟದ ಹಜಾರದಲ್ಲಿ ದೀಪ ಹಚ್ಚಿದ್ದರು. ಮಿಕ್ಕವರೆಲ್ಲ ಎದ್ದು ಹೋಗಿ ಎರಡೇ ಎಲೆ ಉಳಿದಿದ್ದವು. ಒಂದರ ಮುಂದೆ ನಮ್ಮತ್ತೆ, ಒಣಗಿದ ಕೈ ಮಡಿಲಲ್ಲಿಟ್ಟುಕೊಂಡು ಕೆಂಡದಂಥ ಕಣ್ಣು ಬಿಡುತ್ತಾ ಕೂತಿದ್ದರು. ಇನ್ನೊಂದರ ಮುಂದೆ ಮಿರ್ಲೆ ಮಾವ. ಹಣೆಯಿಂದ ಬೆವರು ಇಳಿಯುತ್ತಿತ್ತು, ಪಂಚೆಯ ಗಂಟು ಸಡಿಲಿಸಿದ್ದರು, ಉಸಿರು ಮೇಲೆ ಮೇಲೆ ಬಿಡುತ್ತಿದ್ದರು. ಭಟ್ಟರು ಸೌಟು ಹಿಡಿದು ಕೈ ಮುಗಿಯುವ ಹಾಗೆ ನಿಂತಿದ್ದರು. "ಇನ್ನೊಂದ್ ಚೂರು ಇಕ್ಕಿ ಸ್ವಾಮಿ," ಅನ್ನುತ್ತಿದ್ದರು ಮಾವ, ಗಂಟಲಲ್ಲಿ ಮಾತು ಸಿಕ್ಕಿಕೊಂಡ ದನಿಯಲ್ಲಿ.

ನಮ್ಮನ್ನು ಕಂಡು ಎತ್ತಿದ ತುತ್ತು ಅಲ್ಲೇ ನಿಂತಿತು. ಮಿರ್ಲೆ ಮಾವ ಯಜಮಾನರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನ್ನ ಕಣ್ಣು ಕೆಂಪಾಗಿದ್ದಿರಬೇಕು.

"ಸಾಕಾ ಮಗಾ?" ಅಂದರು.

"ಸಾಕು ಮಾವಯ್ಯ," ಅಂದೆ.

"ಉಸ್ಸಪ್ಪಾ," ಅಂತ ತುತ್ತನ್ನು ಇಳಿಸಿ ಎಲೆ ಮಡಿಚಿಬಿಟ್ಟರು.

ನಮ್ಮತ್ತೆ ಮಂಡಿ ಹಿಡಿದುಕೊಂಡು ಏಳುತ್ತಾ ತಮ್ಮನ ಮೇಲೆ ಹರಿಹಾಯ್ದರು: "ಲೋ, ಉಂಡೋನು ನೀನು! ಸಾಕಾ ಅಂತ ಅವಳನ್ನ ಯಾಕ್ಲಾ ಕೇಳ್ತೀಯ?"