ನಾಯಿಗೆ ಮನೆ ನೋಡಲು ಬಂದವರು

ಯಾರಿಗೆ ಯಾವುದು ಹೊಂದುತ್ತದೆ ಎಂದು ಹೇಳಿಬಿಡುವುದು ನಮ್ಮ ಕಡೆಯ ಜನಕ್ಕೆ ಬಹಳ ಸುಲಭ. ಸೀರೆಯ ಬಣ್ಣದಿಂದ ಹಿಡಿದು ಸೊಸೆಯವರೆಗೆ ಎಲ್ಲವನ್ನೂ ಒಂದೇ ನೋಟದಲ್ಲಿ ತೀರ್ಮಾನಿಸಿ, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹತ್ತಿ ಹೋಗಿಬಿಡುತ್ತಾರೆ. ಹೊಂದಿತೋ ಬಿಟ್ಟಿತೋ ಎಂದು ತಿರುಗಿ ಬಂದು ನೋಡುವ ಪದ್ಧತಿ ಇಲ್ಲ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಈ ಕೆಲಸವನ್ನು ಮನಸ್ಸಿಟ್ಟು, ಹೊತ್ತು ಕೊಟ್ಟು, ಕೇಳಬೇಕಾದದ್ದನ್ನೆಲ್ಲ ಕೇಳಿ ಮಾಡಿದವರು ಒಬ್ಬರೇ ಒಬ್ಬರು. ಅವರು ಅದನ್ನು ಮಾಡಿದ್ದು ಒಂದು ನಾಯಿಮರಿಗಾಗಿ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಮೊರಬದ ಶಾಲೆಯಲ್ಲಿ ನಾನು ಅಕ್ಕಾರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣಿಗೆ ವಯಸ್ಸು ಇಪ್ಪತ್ತಿರಲಿ ಐವತ್ತಿರಲಿ, ಅಕ್ಕಾರು ಎಂದೇ ಹೆಸರು. ಅಪ್ಪ ಅವ್ವ ಕುಂದಗೋಳದಲ್ಲಿ. ಅಲ್ಲಿ ಅಪ್ಪನ ಕಿರಾಣಿ ಅಂಗಡಿ. ನಾನು ಊರಂಚಿನಲ್ಲಿ ನೀಲವ್ವಾಯಿ ಎಂಬ ಮುದುಕಿಯ ಮನೆಯ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದೆ. ನನ್ನದೇ ಕೀಲಿ, ನನ್ನದೇ ಸ್ಟೋವು, ಹಸಿವಾದಾಗ ಉಣ್ಣುವ ಬಿಸಿ ರೊಟ್ಟಿ, ಬೇಸರವಾದರೆ ಬರೀ ಚಹಾ. ಅದಕ್ಕೆ ಸುಖ ಎಂಬ ಹೆಸರು ಕೊಟ್ಟದ್ದು ಅದು ಕೈಬಿಟ್ಟ ಮೇಲೆ. ಆಗ ಅದನ್ನು ಬರೀ ಖೋಲಿ ಎನ್ನುತ್ತಿದ್ದೆ.

ನನಗೊಂದು ಚಟವಿತ್ತು. ಹೇಳಿದರೆ ನಗಬೇಡಿ, ನಡೆಯುವ ಚಟ. ಹೊತ್ತು ಹುಟ್ಟುವ ಮೊದಲೇ ಎದ್ದು ನವಲಗುಂದದ ರಸ್ತೆ ಹಿಡಿದು ಬಿರಬಿರನೆ ಹೋಗುವುದು, ಬಿಸಿಲು ಏರುವ ಹೊತ್ತಿಗೆ ತಿರುಗಿ ಬರುವುದು. ಎರಡೂ ಕಡೆ ಕಪ್ಪು ಮಣ್ಣಿನ ಎರೆಹೊಲ, ಬಿಳಿ ಜೋಳ, ಹತ್ತಿ, ನಡುವೆ ಒಂದು ಗಿಡವೂ ಅಡ್ಡ ಬರದ ಬಯಲು. ಅಂಥ ನೆಲ ಕಂಡರೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಎದುರಿಗೆ ಬಂದ ಚಕ್ಕಡಿಯವರೆಲ್ಲ ಎತ್ತು ನಿಲ್ಲಿಸಿ ಕೇಳುವವರೇ. “ಬಸ್ ತಪ್ಪಿತೇನ್ರಿ ಅಕ್ಕಾರ?” ಇಲ್ಲವೆಂದರೆ ಮುಖ ಸಣ್ಣದು ಮಾಡಿಕೊಂಡು, “ಊರಾಗ ಯಾರರ ತೀರಿಕೊಂಡ್ರೇನ್ರಿ?” ಹೆಣ್ಣೊಬ್ಬಳು ಬರಿಗೈಯಲ್ಲಿ ಜೋರಾಗಿ ನಡೆಯಲು ಅವರಿಗೆ ಗೊತ್ತಿದ್ದ ಕಾರಣಗಳು ಇವೆರಡೇ. ಕೊನೆಗೆ ನಾನು ಖಾಲಿ ಚೀಲವೊಂದನ್ನು ಹಿಡಿದು ನಡೆಯತೊಡಗಿದೆ. ಚೀಲ ಕಂಡರೆ ಜನಕ್ಕೆ ಸಮಾಧಾನ. ಏನೋ ಕೆಲಸವಿದೆ ಎಂದುಕೊಂಡು ಎತ್ತು ಹೊಡೆಯುತ್ತಿದ್ದರು. ಆದರೂ ಸುದ್ದಿ ನನಗಿಂತ ಬೇಗ ನಡೆದು ಕುಂದಗೋಳ ಮುಟ್ಟಿತು. ಅಪ್ಪ ಅಂಗಡಿಗೆ ಬಾಗಿಲು ಹಾಕಿ ನನ್ನ ಖೋಲಿಗೆ ಬಂದು ಕುಳಿತರು. “ಒಬ್ಬಾಕಿ ಹಿಂಗ ಅಡ್ಡಾಡಿದ್ರ ಮಂದಿ ಏನ ಅಂದಾರು? ನೌಕರಿ ಸಾಕವಾ. ಸುಗ್ಗಿ ಮುಗೀಲಿ, ಲಗ್ನ ಮಾಡಿಬಿಡೂಣು” ಎಂದರು.

ಒಬ್ಬಾಕಿ ಎಂಬ ಮಾತು ನನ್ನ ತಲೆಯಲ್ಲಿ ಕುಳಿತಿತು. ಹಾಗಾದರೆ ಇಬ್ಬರಾದರೆ ಆಯಿತಲ್ಲ! ಆ ಎರಡನೆಯವರು ಗಂಡನೇ ಆಗಬೇಕೆಂದು ಎಲ್ಲಿದೆ? ನಾಯಿ ಇದ್ದರೆ ಖೋಲಿಗೆ ಕಾವಲು, ರಸ್ತೆಗೆ ಜೊತೆ, ಅಪ್ಪನಿಗೆ ಧೈರ್ಯ. ನೌಕರಿ ಉಳಿಯುತ್ತದೆ, ಖೋಲಿ ಉಳಿಯುತ್ತದೆ, ಮುಂಜಾನೆ ಉಳಿಯುತ್ತದೆ. ಅಷ್ಟು ದೊಡ್ಡ ಭಾರವನ್ನು ನಾನು ಇನ್ನೂ ಹಾಲು ಬಿಡದ ಒಂದು ಮರಿಯ ಬೆನ್ನ ಮೇಲೆ ಹೊರಿಸಲು ಹೊರಟಿದ್ದೆ.

ಅದೂ ಎಂಥ ನಾಯಿ! ನೀಲವ್ವಾಯಿಯ ಮೈದುನ ಮಲ್ಲಪ್ಪಕಾಕಾ ಮುಧೋಳದ ಕಡೆಯ ಬೇಟೆನಾಯಿಗಳನ್ನು ಸಾಕಿದ್ದರು. ಉದ್ದ ಕಾಲು, ಹಿಡಿಯಷ್ಟು ನಡು, ಚೂಪು ಮೂತಿ. ಹೊಲ ಮನೆ ಚೆನ್ನಾಗಿದ್ದ ಕಾಕಾನಿಗೆ ನಾಯಿಗಳ ಬಗ್ಗೆ ಇದ್ದ ಜಂಬ ಮಕ್ಕಳ ಬಗ್ಗೆ ಇರಲಿಲ್ಲ. ಮಕ್ಕಳನ್ನು ಕಂಡವರು ಅದನ್ನು ತಪ್ಪೆನ್ನುತ್ತಿರಲಿಲ್ಲ. ಒಂದು ಮುಂಜಾನೆ ಜೋಳ ಕೊಯ್ದ ಹೊಲದಲ್ಲಿ ಅವರ ಹೆಣ್ಣುನಾಯಿ ಮೊಲದ ಹಿಂದೆ ಓಡುವುದನ್ನು ಕಂಡೆ. ಮೊಲ ತಪ್ಪಿಸಿಕೊಂಡಿತು. ನಾಯಿ ಮಾತ್ರ ನಿಲ್ಲಲಿಲ್ಲ. ಮೊಲದ ನೆಪ ಮುಗಿದ ಮೇಲೂ ಸುಮ್ಮನೆ, ಓಟದ ಖುಷಿಗೇ, ಹೊಲದ ಆ ತುದಿಯವರೆಗೆ ಓಡಿ ಬಂತು. ಅದನ್ನು ಯಾರೂ ನಿಲ್ಲಿಸಿ ಬಸ್ ತಪ್ಪಿತೇನು ಎಂದು ಕೇಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅದು ಮರಿ ಹಾಕಿದೆ ಎಂದು ತಿಳಿದ ದಿನವೇ ನೀಲವ್ವಾಯಿಯ ಮುಂದೆ ಆಸೆ ತೋಡಿಕೊಂಡೆ.

“ನಾಯಿ ಯಾಕ ಬೇಕವಾ ನಿನಗ?” ಎಂದಳು ಮುದುಕಿ.

“ಮುಂಜಾನಿ ಅಡ್ಡಾಡಸಾಕ.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಅದಕ್ಕ ಕಾಲಿಲ್ಲೇನ? ನಾಯಿ ತಾನ ಅಡ್ಡಾಡತೈತಿ. ಅದನ್ನ ಮಂದಿ ಅಡ್ಡಾಡಸೂದು ನಾ ಎಲ್ಲೂ ಕಂಡಿಲ್ಲ ತಾಯಿ.” ಆದರೂ ಪಾಪದ ಹೆಂಗಸು, ಮೈದುನನಿಗೆ ಹೇಳಿದಳು.

ಅಲ್ಲಿಂದ ಶುರುವಾಯಿತು. ಮಲ್ಲಪ್ಪಕಾಕಾ ನಾಯಿ ಮಾರುವವರಲ್ಲ. “ನಾವು ಮಾರಂಗಿಲ್ರಿ ಅಕ್ಕಾರ, ಕೊಡತೀವಿ. ಕೊಡೂದಕ್ಕಿಂತ ಮೊದಲ ಮನಿ ನೋಡತೀವಿ” ಎಂದರು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಇದ್ದದ್ದೇ. ಮಗಳಿಲ್ಲದ ಕಾಕಾ ಆ ಶಾಸ್ತ್ರವನ್ನೆಲ್ಲ ನಾಯಿಗಳಿಗೆ ಮಾಡಿ ತೀರಿಸಿಕೊಳ್ಳುತ್ತಿದ್ದರು. ಮರಿ ಒಯ್ದವರನ್ನು ಬೀಗರೆಂದೇ ಕರೆಯುತ್ತಿದ್ದರು. ಹೇಳಿದಂತೆ ಒಂದು ರವಿವಾರ ರುಮಾಲು ಸುತ್ತಿಕೊಂಡು, ಜೊತೆಗೆ ಇಬ್ಬರು ಹಿರಿಯರನ್ನು ಕರೆದುಕೊಂಡು, ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಖೋಲಿಗೆ ಬಂದರು. ನಾನು ನೀಲವ್ವಾಯಿಯ ಪೆಟ್ಟಿಗೆಯಿಂದ ಅವಳ ಲಗ್ನದ ಕಾಲದ ನವಲಗುಂದದ ಜಮಖಾನೆ ಇಸಿದುಕೊಂಡು ಹಾಸಿದ್ದೆ. ಒಗ್ಗರಣೆ ಅವಲಕ್ಕಿ, ಚಹಾ ಮುಂದಿಟ್ಟೆ. ಜೋಳದ ಬಣ್ಣದ ಆ ಮರಿ ಜಮಖಾನೆಯ ನಡುವೆ ನೇಯ್ದ ನವಿಲನ್ನು ಮೂಸಿ, ಅದರ ಮೇಲೆಯೇ ಉಚ್ಚೆ ಹೊಯ್ದಿತು. ಕಾಕಾ ಅದನ್ನು ಮಗಳ ಜಾಣತನ ಎಂಬಂತೆ ನೋಡಿ ನಕ್ಕರು. ಹೆಣ್ಣಿನ ಕಡೆಯವರು, ನಾನೇನು ಹೇಳಲಿ?

ಆಮೇಲೆ ಕೇಳತೊಡಗಿದರು. ಅಂಗಳ ಎಲ್ಲೈತಿ? ಖೋಲಿಯ ಮುಂದಿನ ಕಟ್ಟೆ ತೋರಿಸಿದೆ. ಇದಲ್ಲ, ಅಂಗಳ, ಎಂದರು. ನೀವು ಸಾಲಿಗೆ ಹೋದಾಗ ಇದರ ಜೋಡಿ ಯಾರಿರತಾರ? ದಿನಾ ಎಷ್ಟು ದೂರ ಓಡಸತೀರಿ? ಮಳಿಗಾಲದಾಗ ಎರಿ ಮಣ್ಣು ಕಾಲಿಗೆ ಮೆತ್ತಿಕೊಂಡಾಗ ಎಲ್ಲಿ ಓಡಸತೀರಿ? ನಿಮಗ ಬ್ಯಾರೆ ಊರಿಗೆ ಬದಲಿ ಆದ್ರ? ಇದಕ್ಕ ಮನಸಿಗೆ ಬ್ಯಾಸರಾದ್ರ ನಿಮಗ ಹೆಂಗ ಗೊತ್ತಾಕ್ಕೈತಿ? ನನ್ನ ನೌಕರಿಯ ಸಂದರ್ಶನದಲ್ಲಿ ಕೂಡ ಇಷ್ಟು ಕೇಳಿರಲಿಲ್ಲ. ಕೊನೆಗೆ, “ನಿಮ್ಮ ಲಗ್ನ ಆದ ಮ್ಯಾಲೆ ಇದರ ಗತಿ ಏನ್ರಿ?” ಎಂದರು.

“ನಾ ಲಗ್ನ ಆಗೂದಿಲ್ರಿ ಕಾಕಾ, ಇಷ್ಟರಾಗ.”

“ಎಲ್ಲಾರೂ ಹಂಗ ಅಂತಾರ್ರಿ” ಎಂದು ಕಾಕಾ ಚಹಾದ ಬಸಿ ಕೆಳಗಿಟ್ಟರು. “ನೋಡ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಭಾಳ ಛಲೋ ಇದ್ದೀರಿ. ಆದ್ರ ಇದು ಓಡೂ ಜೀವ. ನಾಕ ಗ್ವಾಡಿ ನಡುವ ಇಟ್ರ ಸಾಯಂಗಿಲ್ಲ, ಅನ್ನಾ ತಿಂದುಕೊಂಡು ಇರತೈತಿ. ಆದ್ರ ಒಳಗಿಂದ ಕೆಡತೈತಿ. ಬಾಗಲದಾಗ ಕುಂತು ಹಾದಿ ನೋಡಕೋಂತ, ಸುಮ್ಮಸುಮ್ನ ಮಂದಿಗೆ ಬೊಗಳತೈತಿ.”

“ನಾನೂ ಇದರ ಜೋಡಿ ಓಡತೀನ್ರಿ!” ಎಂದೆ. ಹಿರಿಯರಿಬ್ಬರೂ ಅವಲಕ್ಕಿಯಿಂದ ತಲೆ ಎತ್ತಿದರು.

“ಎಷ್ಟ ದಿನಾ ಓಡತೀರಿ?” ಎಂದು ಕಾಕಾ ಮೆತ್ತಗೆ ಕೇಳಿ, ಮರಿಯನ್ನು ಎತ್ತಿಕೊಂಡು ಎದ್ದುಬಿಟ್ಟರು. ಓಣಿಯಲ್ಲಿ ಅವರ ಭುಜದ ಮೇಲಿಂದ ಅದು ನನ್ನನ್ನೇ ನೋಡುತ್ತಾ ಹೋಯಿತು. ಜಮಖಾನೆ ತೊಳೆಯುತ್ತಾ ನಾನು ಅತ್ತೆ. ಮೂರನೆಯ ಇಯತ್ತೆಗೆ ಕಲಿಸುವ ಅಕ್ಕಾರು, ನಾಯಿಯ ಕಡೆಯವರು ಬೇಡವೆಂದರೆಂದು ಅತ್ತೆ.

ಸುಗ್ಗಿ ಮುಗಿಯಿತು. ಅಪ್ಪ ಮಾತಿಗೆ ತಪ್ಪುವವರಲ್ಲ. ಕುಂದಗೋಳದ ನಮ್ಮ ಪಡಸಾಲೆಯಲ್ಲಿಯೂ ಜಮಖಾನೆ ಹಾಸಿದರು, ಅಲ್ಲಿಯೂ ಒಗ್ಗರಣೆ ಅವಲಕ್ಕಿ. ಹುಡುಗ ಹುಬ್ಬಳ್ಳಿಯ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಹುಡುಗನ ತಾಯಿ, “ಬಾಗಲತನಕಾ ನಡದು ತೋರಸವಾ” ಎಂದರು. ಕುಂಟಿಯಲ್ಲವೆಂದು ಖಾತ್ರಿಯಾಗಬೇಕಲ್ಲ. ನಡೆದು ತೋರಿಸಿದೆ. ಓಡಿಸಿ ಯಾರೂ ನೋಡಲಿಲ್ಲ. “ನೌಕರಿ ಬಿಡಬೇಕಾಕ್ಕೈತಿ, ಮನಿ ನೋಡಕೊಳ್ಳಾಕ ನಮಗ ಮಂದಿ ಇಲ್ಲ” ಎಂದರು. ಅಪ್ಪ, “ಬಿಡತಾಳ್ರಿ” ಎಂದರು, ಅಂಗಡಿಯಲ್ಲಿ ಗಿರಾಕಿ ಬೆಲ್ಲ ಕೇಳಿದಾಗ ಇದೆಯೆನ್ನುವ ದನಿಯಲ್ಲಿ. ತೊಗರಿಬೇಳೆಯ ಚೀಲ ಬಂದರೆ ಅಪ್ಪ ಮೇಲಿನ ಹಿಡಿ, ನಡುವಿನ ಹಿಡಿ, ತಳದ ಹಿಡಿ ತೆಗೆದು ಮೂಸಿ, ಕಚ್ಚಿ ನೋಡಿಯೇ ಇಳಿಸಿಕೊಳ್ಳುತ್ತಿದ್ದವರು. ಅಂಥವರು ಹುಡುಗನ ಮನೆ ನೋಡಲು ಹುಬ್ಬಳ್ಳಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದರು. ಅವ್ವ ಬಾಗಿಲಲ್ಲಿ ನಿಂತು, “ಹೆಂಗೈತ್ರಿ ಮನಿ?” ಎಂದಳು. “ಅಗದಿ ಛಲೋ ಐತಿ. ಒಳಗ ನಳಾ ಐತಿ” ಎಂದರು ಅಪ್ಪ. ಅಲ್ಲಿಗೆ ನನ್ನ ಬಾಳು ತೀರ್ಮಾನವಾಯಿತು. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಆದರೆ ನಮ್ಮ ಊರಿನ ನೀರಿನ ಪಾಡು ಕಂಡವರು ನಳ ಬೇಡವೆನ್ನುವುದು ಹೇಗೆ?

ಲಗ್ನವಾಯಿತು. ಗಂಡನ ಮನೆ ತುಂಬಿಸಲು ನಮ್ಮವರೆಲ್ಲ ಹುಬ್ಬಳ್ಳಿಗೆ ಬಂದರು. ನೀಲವ್ವಾಯಿಯ ಜೊತೆ ಮಲ್ಲಪ್ಪಕಾಕಾ ಕೂಡ ಅದೇ ರುಮಾಲು ಸುತ್ತಿಕೊಂಡು ಬಂದಿದ್ದರು. ಸಾಲುಮನೆಗಳ ಚಾಳಿನಲ್ಲಿ ಮನೆ. ಮುಂದೆ ಒಂದು ಖೋಲಿ, ಹಿಂದೆ ಒಂದು ಖೋಲಿ, ಹಿಂದಿನದರಲ್ಲಿ ಆ ಪ್ರಸಿದ್ಧ ನಳ. ಬಾಗಿಲು ತೆಗೆದರೆ ಎದುರುಮನೆಯ ಬಾಗಿಲು. ನಾನು ಸೇರಕ್ಕಿ ಒದ್ದು ಒಳಗೆ ಬಂದು ತಲೆತುಂಬ ಸೆರಗು ಹೊದ್ದು ಕುಳಿತಿದ್ದೆ. ಕಾಕಾ ಹತ್ತಿರ ಬಂದು, “ಆ ಮರಿ ಅಣ್ಣಿಗೇರ್ಯಾಗ ಕೊಟ್ಟೀನ್ರಿ ಅಕ್ಕಾರ. ಮೊನ್ನಿ ಹೋಗಿ ನೋಡಿ ಬಂದೆ. ಹೊಲಾ ತುಂಬ ಓಡತೈತಿ, ಆರಾಮ ಐತಿ” ಎಂದರು. ಆಮೇಲೆ ಅವರು ಮುಂದಿನ ಖೋಲಿ ನೋಡಿದರು, ಹಿಂದಿನ ಖೋಲಿಗೆ ಹೋಗಿ ಬಂದರು, ಹೊಸ್ತಿಲಲ್ಲಿ ನಿಂತು ಚಾಳಿನ ಆಚೆ ಈಚೆ ಕಣ್ಣಾಡಿಸಿದರು. ತಿರುಗಿ ನನ್ನ ಅಪ್ಪನನ್ನು ಕೇಳಿದರು:

“ಅಂಗಳ ಎಲ್ಲೈತ್ರಿ?”

“ಅಂಗಳ ಯಾಕ್ರಿ ಕಾಕಾ? ನಾವೇನು ನಾಯಿ ಕೊಟ್ಟೀವೇನು!” ಎಂದರು ಅಪ್ಪ.

ಇಡೀ ಮನೆ ನಕ್ಕಿತು. ಬೀಗರು ನಕ್ಕರು, ಅವ್ವ ನಕ್ಕಳು, ಬಾಗಿಲಲ್ಲಿ ನಿಂತಿದ್ದ ಎದುರುಮನೆಯವರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದೀತೆಂದು ನಿಂತೇ ಇದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು, ಸೆರಗು ಜಾರುವಷ್ಟು. ಹೊಸ ಸೊಸೆ ಹಾಗೆ ನಗಬಾರದೆಂದು ಅತ್ತೆ ಆಗಲೇ ಕಿವಿಯಲ್ಲಿ ಹೇಳಿದರು. ನನಗೂ ಮತ್ತೆ ಅಷ್ಟು ಜೋರಾಗಿ ನಗುವ ಪ್ರಸಂಗ ಬರಲಿಲ್ಲ. ಈಗ ಬಾಗಿಲಲ್ಲಿ ಕುಳಿತು ಹಾದಿ ನೋಡುತ್ತೇನೆ. ಸುಮ್ಮಸುಮ್ಮನೆ ಮಂದಿಯ ಮೇಲೆ ಒದರಾಡುತ್ತೇನೆ ಎಂದು ಚಾಳಿನಲ್ಲಿ ನನ್ನ ಬಗ್ಗೆ ದೂರೂ ಇದೆ.