ಅತ್ತೆಯ ತೂಕ, ಅಳಿಯನ ಟೈರು

ಟೈರು ಕೊಳ್ಳಲು ಹೋದವನನ್ನು ಅಂಗಡಿಯವನು "ಮೊದ್ಲು ನಿಮ್ಮತ್ತೆ ತೂಕ ಕೇಳ್ಕೊಂಡು ಬನ್ನಿ ಸಾರ್" ಎಂದು ಮನೆಗೆ ಅಟ್ಟಿದ್ದು ಈ ಭರತಖಂಡದ ಚರಿತ್ರೆಯಲ್ಲಿ ಒಂದೇ ಸಲ. ಆ ಭಾಗ್ಯ ಪಡೆದ ಪುಣ್ಯಾತ್ಮ ಜೆ.ಪಿ. ನಗರದ ಬದರಿನಾಥ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಬದರಿನಾಥನಿಗೆ ಆಗ ನಲವತ್ತಮೂರು. ಜಯನಗರದ ಒಂದು ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಅವನಲ್ಲೊಂದು ಬೂದುಬಣ್ಣದ ಝೆನ್ ಕಾರಿತ್ತು. ಬೆಳಿಗ್ಗೆ ಹೆಂಡತಿ ಉಮಾಮಹೇಶ್ವರಿಯನ್ನು ಅವಳು ಪಾಠ ಹೇಳುವ ಶಾಲೆಗೆ ಬಿಟ್ಟು, ಅವನನ್ನು ಆಫೀಸಿಗೆ ಮುಟ್ಟಿಸಿ, ಸಂಜೆ ಸಾರಕ್ಕಿ ಮಾರ್ಕೆಟ್ಟಿನಿಂದ ಕುಂಬಳಕಾಯಿ ಹೊತ್ತು, ಮಂಗಳವಾರ ಅತ್ತೆ ಅಂಜನಮ್ಮನವರನ್ನು ಹನುಮಂತನಗರದ ದೇವಸ್ಥಾನಕ್ಕೆ ಕರೆದೊಯ್ಯುವ ಹಸುವಿನಂಥ ಕಾರು ಅದು. (ಹಸುವಾದರೂ ಒಮ್ಮೊಮ್ಮೆ ಒದೆಯುತ್ತದೆ. ಇದು ಅದನ್ನೂ ಮಾಡಿರಲಿಲ್ಲ.)

ಇಂಥ ಸಾಧುಪ್ರಾಣಿಯನ್ನು ಸ್ಪರ್ಧೆಗೆ ಇಳಿಸುತ್ತೇನೆಂದು ಬದರಿನಾಥ ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಘೋಷಿಸಿಬಿಟ್ಟ. ತಪ್ಪು ಅವನದಲ್ಲ, ಹೊಸದಾಗಿ ಸೇರಿದ್ದ ದೀಪಕ್‌ನದು. ಊರಾಚೆಯ ಮೈದಾನದಲ್ಲಿ ಆಟೋಕ್ರಾಸ್ ನಡೆಯುತ್ತದೆಂದೂ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳನ್ನು ನಿಲ್ಲಿಸಿ ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ನುಗ್ಗಿಸಬೇಕೆಂದೂ, ಒಂದನ್ನೂ ಬೀಳಿಸದೆ ಬೇಗ ಮುಗಿಸಿದವನೇ ಗೆದ್ದನೆಂದೂ ಅವನು ವರ್ಣಿಸಿದ. ಕೊನೆಗೆ, "ಅದೆಲ್ಲ ನಿಮ್ಮಂಥ ಫ್ಯಾಮಿಲಿ ಗಾಡಿಯವರಿಗೆ ಆಗಲ್ಲ ಬಿಡಿ ಸಾರ್" ಎಂದ.

"ಬರ್ಕೊಳ್ಳಯ್ಯ ನನ್ನ ಹೆಸರೂ!" ಎಂದು ಬದರಿನಾಥ ಗುಡುಗಿದ.

ಗುಡುಗಿದ ಮೇಲೆ ಮನೆಯ ನೆನಪಾಯಿತು. ಉಮಾಗೆ ತಿಳಿದರೆ ಕಾರಿನ ಕೀಲಿ ಅವಳ ಬೀರು ಸೇರುತ್ತದೆ. ತಿಳಿಯದೆ ಹೋಗಿ ಕೊನೆಯವನಾಗಿ ಬಂದರೆ ದೀಪಕ್ ತನ್ನನ್ನು ನಿವೃತ್ತಿಯ ತನಕ ಆಡಿಕೊಳ್ಳುತ್ತಾನೆ. ಅತ್ತ ದರಿ, ಇತ್ತ ಪುಲಿ. ಗೆಲ್ಲದಿದ್ದರೂ ಚಿಂತೆಯಿಲ್ಲ, ಕೊನೆಯವನು ಮಾತ್ರ ಆಗಬಾರದು ಎಂದು ನಿಶ್ಚಯಿಸಿ, ಅವನು ಸಾರಕ್ಕಿ ಸಿಗ್ನಲ್ ಹತ್ತಿರ ಟೈರ್ ಅಂಗಡಿ ಇಟ್ಟಿದ್ದ ಮುತ್ತುರಾಜನ ಮೊರೆಹೊಕ್ಕ.

ಮುತ್ತುರಾಜ ಕಾರಿಗೆ ಒಂದು ಪ್ರದಕ್ಷಿಣೆ ಬಂದು, ಚಕ್ರವನ್ನು ಕಾಲಲ್ಲಿ ತಟ್ಟಿ, ನಾಡಿ ಹಿಡಿದ ವೈದ್ಯನ ಹಾಗೆ ತಲೆಯಾಡಿಸಿದ.

"ಸಣಕಲು ಟೈರು ಸಾರ್. ತಿರುವಲ್ಲಿ ಜಾರುತ್ತೆ. ಒಂದಿಂಚು ದೊಡ್ಡ ಅಲಾಯ್ ವೀಲು ಹಾಕಿ, ಅದಕ್ಕೆ ಅಗಲದ ಟೈರು ತೊಡಿಸಿದ್ರೆ ಹಲ್ಲಿ ಥರ ರೋಡನ್ನ ಕಚ್ಕೊಳ್ಳುತ್ತೆ."

"ಹಾಗಾದ್ರೆ ಅದನ್ನೇ ಹಾಕಪ್ಪ."

"ತಾಳಿ ಸಾರ್. ದಿನಾ ಓಡ್ಸೋ ಗಾಡಿ ತಾನೆ? ಹಿಂದೆ ಯಾರು ಕೂರ್ತಾರೆ?"

"ನಮ್ಮತ್ತೆ. ಎಡಗಡೆ ಕಿಟಕಿ ಪಕ್ಕ. ಅದು ಅವರ ಖಾಯಂ ಸೀಟು."

"ನೋಡಿ, ಅಲ್ಲೇ ಇರೋದು. ನಿಮ್ಮ ಗಾಡಿ ಸ್ಪ್ರಿಂಗು ಸುಸ್ತಾಗಿದೆ. ಆ ಮೂಲೇಲಿ ಅರವತ್ತು ಕಿಲೋ ದಾಟಿದ್ರೆ ಅಗಲದ ಟೈರು ಮೇಲಿನ ತಗಡಿಗೆ ಉಜ್ಜುತ್ತೆ. ಅರವತ್ತರೊಳಗೆ ಇದ್ರೆ ಅಗಲದ್ದೇ ಹಾಕೋಣ. ಜಾಸ್ತಿ ಇದ್ರೆ ಮಧ್ಯಮದ್ದು. ಮೊದ್ಲು ನಿಮ್ಮತ್ತೆ ತೂಕ ಕೇಳ್ಕೊಂಡು ಬನ್ನಿ ಸಾರ್."

ಹೆಂಗಸರ ವಯಸ್ಸು ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ಅತ್ತೆಯ ತೂಕದ ಬಗ್ಗೆ ಅವರು ಏನೂ ಹೇಳಿಲ್ಲ. ಅದನ್ನು ಕೇಳುವಷ್ಟು ಎದೆಗಾರಿಕೆಯ ಅಳಿಯ ಹುಟ್ಟುತ್ತಾನೆಂದು ಪಾಪ, ಅವರಿಗೆ ಹೊಳೆದಿರಲಿಲ್ಲ. ಅಂದು ಸಂಜೆ ಅಂಜನಮ್ಮನವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಿದ್ದರು. ಬದರಿನಾಥ ಪೇಪರು ಓದುವವನಂತೆ ನಟಿಸಿ, ಅದರ ಹಿಂದಿನಿಂದಲೇ ಕೇಳಿದ: "ಅತ್ತೆ, ನಿಮ್ಮ ತೂಕ ಎಷ್ಟಿರಬಹುದು?"

ಹುರುಳಿಕಾಯಿ ಕೈಯಲ್ಲೇ ನಿಂತಿತು. ಅಡುಗೆಮನೆಯಲ್ಲಿ ಸೌಟು ನಿಂತಿತು.

"ನನ್ನ ತೂಕಾನಾ?" ಅಂಜನಮ್ಮನವರು ಅಳಿಯನನ್ನು ನೋಡಿದರು, ದೇವರ ಪಟ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. "ಐವತ್ತೆಂಟು ಕಿಲೋ" ಎಂದು ಮೆಲ್ಲಗೆ ಹೇಳಿ, ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಈ ಕಣ್ಣೀರಿನ ಗೂಢಾರ್ಥ ಬದರಿನಾಥನಿಗೆ ಗೊತ್ತಾಗಲಿಲ್ಲ. ಅವನ ಕಿವಿಗೆ ಬಿದ್ದದ್ದು ಐವತ್ತೆಂಟು ಮಾತ್ರ. ಮರುದಿನವೇ ಝೆನ್ನಿಗೆ ಅಗಲದ ಟೈರು, ಫಳಫಳ ಹೊಳೆಯುವ ವೀಲು ಬಂದವು. "ಇದೇನ್ರೀ ಇದು ಕಾರಿಗೆ ಕಾಲ್ಗೆಜ್ಜೆ?" ಎಂದು ಉಮಾ ಕೇಳಿದಾಗ, "ಹಳೇವು ಸವೆದಿದ್ವು ಕಣೆ, ಸೇಫ್ಟಿ ಮುಖ್ಯ" ಎಂದ. ಅವಳು ಮತ್ತೇನೂ ಕೇಳಲಿಲ್ಲ. ಹೆಂಡತಿ ಒಂದೇ ಪ್ರಶ್ನೆಗೆ ನಿಲ್ಲಿಸಿದಾಗ ಅನುಮಾನಪಡಬೇಕೆಂಬ ಬುದ್ಧಿ ಹದಿನೇಳು ವರ್ಷ ಸಂಸಾರ ಮಾಡಿದರೂ ಅವನಿಗೆ ಬಂದಿರಲಿಲ್ಲ.

ಅಂದು ಊಟದ ಹೊತ್ತಿಗೆ ಗೂಢಾರ್ಥ ತಾನಾಗಿ ಬಿಚ್ಚಿಕೊಂಡಿತು. "ಉಮಾ, ನಿನ್ನ ಗಂಡ ಅಪರಂಜಿ ಕಣೇ!" ಎಂದರು ಅಂಜನಮ್ಮನವರು. "ಮೂರು ತಿಂಗಳ ಹಿಂದೆ ನಂಗೆ ಟೈಫಾಯ್ಡ್ ಆಗಿತ್ತಲ್ಲ, ಆಗಲೇ ನಂಗೋಸ್ಕರ ತುಲಾಭಾರದ ಹರಕೆ ಹೊತ್ತಿದಾರೆ. ಇಲ್ದಿದ್ರೆ ನನ್ನ ತೂಕ ಯಾಕೆ ಕೇಳ್ಬೇಕು? ಹೆತ್ತ ಮಗ ಇದ್ದಿದ್ರೂ ನನ್ನನ್ನ ತಕ್ಕಡೀಲಿ ಕೂರಿಸಿ ಬೆಲ್ಲ ತೂಗಿಸ್ತಿರ್ಲಿಲ್ಲ."

ಬದರಿನಾಥನಿಗೆ ಸಾರು ನೆತ್ತಿಗೇರಿತು. "ಅಯ್ಯೋ, ನಾನು ಹಾಗೇನೂ ಹೊತ್ತಿಲ್ಲ ಅತ್ತೆ."

"ಹೇಳ್ಬೇಡಿ ಅಳಿಯಂದಿರೇ, ಹೇಳ್ಬೇಡಿ! ಹರಕೆ ಹೊತ್ತೋರು ಬಾಯ್ಬಿಟ್ಟು ಹೇಳ್ಬಾರ್ದು. ನಂಗೊತ್ತು."

ಇಲ್ಲ ಎಂದಷ್ಟೂ ಹರಕೆ ಗಟ್ಟಿಯಾಗುತ್ತಾ ಹೋಯಿತು. ನಿಜ ಹೇಳಬೇಕೆಂದರೆ ಆಟೋಕ್ರಾಸಿನಿಂದ ಶುರುಮಾಡಬೇಕು. ಉಮಾ ಮಜ್ಜಿಗೆ ಬಡಿಸುತ್ತಾ, "ಅರ್ಚಕರನ್ನ ಕೇಳಿ ಒಳ್ಳೇ ದಿನ ನೋಡ್ತೀನಿ ಬಿಡಿ" ಎಂದಳು.

ದಿನ ಗೊತ್ತಾಗುವ ಮೊದಲು ಬದರಿನಾಥನಿಗೆ ಎರಡು ಜ್ಞಾನೋದಯಗಳಾದವು. ಪುಟ್ಟೇನಹಳ್ಳಿಯ ಆಚೆ ಖಾಲಿ ಸೈಟಿನಲ್ಲಿ ಎಂಟು ಇಟ್ಟಿಗೆ ನಿಲ್ಲಿಸಿ ಅಭ್ಯಾಸ ಮಾಡಿದಾಗ ಏಳು ಬಿದ್ದವು. ಎಂಟನೆಯದು ಉಳಿದದ್ದು, ಅದರ ಹತ್ತಿರ ಹೋಗುವ ಮೊದಲೇ ಗಾಡಿ ಆಫ್ ಆದದ್ದರಿಂದ. ಎರಡನೆಯ ಜ್ಞಾನೋದಯ ಮಂಗಳವಾರ ಆಯಿತು. ಅತ್ತೆ ತಮ್ಮ ಖಾಯಂ ಸೀಟಿನಲ್ಲಿ ವಿರಾಜಮಾನರಾಗಿ, ಕಾರು ಮೊದಲ ಹಂಪು ಹತ್ತಿ ಇಳಿಯುತ್ತಲೇ ಹಿಂದಿನ ಎಡಮೂಲೆಯಿಂದ 'ಕರ್ರ್' ಎಂದು ಸದ್ದು ಬಂತು. ಪ್ರತಿ ಹಂಪಿಗೂ ಕರ್ರ್. ಬದರಿನಾಥ ಸಾರಕ್ಕಿಗೆ ಓಡಿ ಮುತ್ತುರಾಜನನ್ನು ತರಾಟೆಗೆ ತೆಗೆದುಕೊಂಡ.

"ತೂಕ ಸರಿಯಾಗಿ ಹೇಳಿದೀರಾ ಸಾರ್?" ಎಂದ ಮುತ್ತುರಾಜ.

"ಐವತ್ತೆಂಟು! ಅವರ ಬಾಯಿಂದಾನೇ ಬಂದಿದ್ದು."

"ಹಾಗಾದ್ರೆ ನನ್ನ ಮೂವತ್ತು ವರ್ಷದ ಸರ್ವೀಸು ಸುಳ್ಳು" ಎಂದು ಅವನು ಮುಖ ತಿರುಗಿಸಿದ.

ಇತ್ತ ಆಫೀಸಿನಲ್ಲಿ ದೀಪಕ್, "ಭಾನುವಾರ ಇಡೀ ಸೆಕ್ಷನ್ನು ನಿಮ್ಮನ್ನ ನೋಡಕ್ಕೆ ಬರ್ತಿದೆ ಸಾರ್, ನಾನು ಕ್ಯಾಮೆರಾ ತರ್ತೀನಿ" ಎಂದು ಸಾರುತ್ತಿದ್ದ. ಬದರಿನಾಥನಿಗೆ ಕನಸಿನಲ್ಲೂ ಕೋನ್‌ಗಳು ಬಿದ್ದವು. ಅಂಥದರಲ್ಲಿ ಗುರುವಾರ ಉಮಾ ಬಂದು, "ಅರ್ಚಕರು ದಿನ ಕೊಟ್ರು. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ" ಎಂದಳು.

"ಭಾನುವಾರಾನಾ!" ಎಂದು ಅವನು ಚೀರಿದ. ಅದೇ ಹತ್ತು ಗಂಟೆಗೆ ಸ್ಪರ್ಧೆ. ಚೀರಿದ ಬಾಯಿ ಮುಚ್ಚುವಷ್ಟರಲ್ಲಿ ಒಳಗೆಲ್ಲೋ ತಣ್ಣಗಾಯಿತು. ಎದೆಯ ಮೇಲಿದ್ದ ಬಂಡೆ ಇಳಿಯಿತು. ಅತ್ತೆಯ ಕಾಲು ಹಿಡಿದು ನಮಸ್ಕಾರ ಮಾಡಬೇಕೆನಿಸಿತು. ಮರುದಿನ ಆಫೀಸಿಗೆ ಮುಖ ಜೋಲು ಹಾಕಿಕೊಂಡು ಹೋಗಿ, "ಛೆ, ನಮ್ಮತ್ತೆ ತುಲಾಭಾರ ಬಂದ್ಬಿಡ್ತು ಕಣಯ್ಯ. ಇಲ್ದಿದ್ರೆ ನೋಡ್ತಿದ್ದೆ ನೀನು!" ಎಂದ. ಮಧ್ಯಾಹ್ನ ಎರಡು ಮಸಾಲೆದೋಸೆ ತಿಂದ. ಹದಿನೈದು ದಿನಗಳಲ್ಲಿ ಅವನಿಗೆ ಹಸಿವಾದದ್ದು ಅದೇ ಮೊದಲು.

ಭಾನುವಾರ ದೇವಸ್ಥಾನದಲ್ಲಿ ಜನ ಸೇರಿದ್ದರು. ಅಂಜನಮ್ಮನವರು ರೇಷ್ಮೆ ಸೀರೆ ಉಟ್ಟು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತರು. ಇನ್ನೊಂದರಲ್ಲಿ ಬದರಿನಾಥ ಐವತ್ತೆಂಟು ಕಿಲೋ ಬೆಲ್ಲ ಪೇರಿಸಿದ. ಮಂತ್ರ ಮುಗಿಯಿತು. ಮಂಗಳವಾದ್ಯ ಮೊಳಗಿತು. ಅತ್ತೆ ಮಾತ್ರ ನೆಲ ಬಿಟ್ಟು ಏಳಲಿಲ್ಲ.

"ಬೆಲ್ಲದಂಗಡಿಯವನು ತೂಕದಲ್ಲಿ ಮೋಸ ಮಾಡಿದಾನೆ" ಎಂದರು ಅವರು, ಕುಳಿತಲ್ಲಿಂದಲೇ.

ಎದುರಿನ ಅಂಗಡಿಯಿಂದ ಐದು ಕಿಲೋ ತಂದು ಇಟ್ಟರು. ಅಲುಗಲಿಲ್ಲ. ಮತ್ತೈದು. ಗಾಳಿಗೆ ಅಲುಗಿದಂತಾಯಿತು. ಇನ್ನೂ ಆರು ಇಟ್ಟ ಮೇಲೆ ಅತ್ತೆ ನಿಧಾನವಾಗಿ ನೆಲ ಬಿಟ್ಟರು. ಬದರಿನಾಥ ಬೆರಳಲ್ಲಿ ಕೂಡಿಸಿದ. ಎಪ್ಪತ್ತನಾಲ್ಕು! ಎಲ್ಲಿದ್ದೇನೆಂಬುದೇ ಮರೆತು ಕೂಗಿದ: "ಹಾಗಾದ್ರೆ ಮುತ್ತುರಾಜಂದು ತಪ್ಪಿಲ್ಲ!"

ವಾದ್ಯ ನಿಂತಿತು. "ಯಾರದು ಮುತ್ತುರಾಜ?" ಎಂದರು ಅತ್ತೆ, ತೂಗುತ್ತಲೇ.

ಉಮಾ ಪರ್ಸಿನಿಂದ ಒಂದು ಮಡಿಸಿದ ಕಾಗದ ತೆಗೆದಳು. ಅದು ಆಟೋಕ್ರಾಸಿನ ಪ್ರವೇಶಪತ್ರ. "ಟೈರ್ ಅಂಗಡಿಯವನಮ್ಮ. ಇವರು ರೇಸಿಗೆ ಹೋಗಕ್ಕೆ ಹೊರಟಿದ್ರು. ಟೈರು ಉಜ್ಜುತ್ತಾ ನೋಡಕ್ಕೆ ನಿನ್ನ ತೂಕ ಕೇಳಿದ್ದು. ಒಗೆಯೋ ಷರಟಲ್ಲಿ ಸಿಕ್ತು ಇದು, ಮಿಕ್ಕಿದ್ದನ್ನ ಆ ಮುತ್ತುರಾಜನೇ ಹೇಳ್ದ. ಅದಕ್ಕೇ ಅರ್ಚಕರ ಹತ್ರ ಇವತ್ತೇ ಬೇಕು ಅಂತ ದಿನ ಕೇಳಿದ್ದು."

ಬದರಿನಾಥ ತಲೆ ತಗ್ಗಿಸಿದ. ಅತ್ತೆಯ ಕಣ್ಣಲ್ಲಿ ಅಂದು ಕಂಡ ನೀರು ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತು ಅತ್ತೆ" ಎಂದ.

ಅಂಜನಮ್ಮನವರು ಬೆಲ್ಲದ ರಾಶಿ ನೋಡಿದರು, ಅಳಿಯನನ್ನು ನೋಡಿದರು. ಅವರ ತುಟಿ ಒಂದಿಷ್ಟು ನಡುಗಿ, ನಗುವಾಯಿತು. "ನೀವೂ ಸುಳ್ಳು ಹೇಳಿದ್ರಿ, ನಾನೂ ಸುಳ್ಳು ಹೇಳ್ದೆ. ತಕ್ಕಡಿ ಸಮ ಆಯ್ತು. ಇಳಿಸಿ ನನ್ನ."

ಸೋಮವಾರ ಆಫೀಸಿನಲ್ಲಿ ಇನ್ನೊಂದು ಶುಭವಾರ್ತೆ ಕಾದಿತ್ತು. ಸ್ಪರ್ಧೆಯಲ್ಲಿ ಹನ್ನೊಂದು ಕೋನ್ ಬೀಳಿಸಿ ಕೊನೆಯವನಾದದ್ದು ದೀಪಕ್! ಬದರಿನಾಥ ಹಗುರವಾಗಿ, ಹಾಡು ಗುನುಗುತ್ತಾ ಮನೆಗೆ ಬಂದ. ಬಾಗಿಲಲ್ಲೇ ಅತ್ತೆ ನಿಂತಿದ್ದರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ.

"ಅಳಿಯಂದಿರೇ, ಅಷ್ಟು ಆಸೆಪಟ್ಟು ಹಾಕಿಸಿರೋ ಟೈರು ಬಿಚ್ಚಿಸ್ಬೇಡಿ. ಟೈರಿಗೆ ತಕ್ಕ ಹಾಗೆ ನಾನೇ ಇಳೀತೀನಿ. ನಾಳೆಯಿಂದ ಐದೂವರೆಗೆ ಪಾರ್ಕು. ಒಬ್ಳೇ ಹೋಗಕ್ಕೆ ಭಯ, ನೀವೂ ಬನ್ನಿ."

ಅಂದಿನಿಂದ ಜೆ.ಪಿ. ನಗರದ ಪಾರ್ಕಿನಲ್ಲಿ ದಿನವೂ ಆರು ಸುತ್ತು ನಡೆಯುತ್ತದೆ. ಅಂಜನಮ್ಮನವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತಿರುವುಗಳಲ್ಲಿ ಬುಸಬುಸನೆ ನುಗ್ಗುತ್ತಾರೆ. ಉಮಾ ಕಲ್ಲುಬೆಂಚಿನ ಮೇಲೆ ಕುಳಿತು ಗಡಿಯಾರ ನೋಡುತ್ತಾಳೆ. ಒಟ್ಟು ಸ್ಪರ್ಧಿಗಳು ಇಬ್ಬರು. ಬದರಿನಾಥ ದಿನವೂ ಕೊನೆಯವನು.